ಕಾಗದದ ಮೇಲಿನ ಅಪಘಾತಗಳು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ತಮ್ಮ ತಮ್ಮ ವೃತ್ತಿಗೆ ಸಂಬಂಧಿಸಿದ, ಊರವರಿಗೆ ಉಪಯುಕ್ತವಾಗಬಲ್ಲ ವಿಷಯವೊಂದನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಹಳೆಯ ವಿದ್ಯಾರ್ಥಿಗಳಾದ ನಮ್ಮನ್ನು ಕೇಳಿಕೊಂಡಿದ್ದಾರೆ. ನನ್ನ ವೃತ್ತಿ ವಿಮಾ ಸರ್ವೇಯರನದು. ಅಪಘಾತಕ್ಕೀಡಾದ ವಾಹನವನ್ನು ಪರೀಕ್ಷಿಸಿ, ಹಾನಿಯ ಮೊತ್ತವೆಷ್ಟು, ಆ ಹಾನಿ ಮಾಲೀಕನು ಹೇಳಿದ ರೀತಿಯಲ್ಲಿಯೇ ಆದುದೋ ಬೇರೆ ರೀತಿಯಲ್ಲಿಯೋ ಎಂದು ವರದಿ ಕೊಡುವುದು ಈ ಕೆಲಸ. ಸೊಲ್ಲಾಪುರದಿಂದ ಪುಣೆಗೆ ಹೋಗುವ ಹೆದ್ದಾರಿಯ ಬದಿಯ ಚಿಂಚೋಳಿ ಎಂಐಡಿಸಿ ಮತ್ತು ಅಕ್ಕಲಕೋಟೆ ರಸ್ತೆಯ ಎಂಐಡಿಸಿ, ಈ ಎರಡರ ಸುತ್ತಲಿನ ಗ್ಯಾರೇಜುಗಳಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. (ಚಿಂಚೋಳಿ ಎಂದೊಡನೆ ಕಲಬುರಗಿ ಜಿಲ್ಲೆಯ ಚಿಂಚೋಳಿಯನ್ನು ನೆನೆಯುವ ಬಂಧುಗಳು ಕ್ಷಮಿಸಬೇಕು, ಇದು ಬೇರೆ.)

ಈ ಕೈಗಾರಿಕಾ ವಸಾಹತುಗಳಿಗೆ ದುಡಿಯಲು ಹೋಗುವವರಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡಿಗರೂ, ಗಡಿಯಾಚೆಯ ಇಂಡಿ, ಆಳಂದ, ಅಫಜಲಪುರದ ಕಡೆಯವರೂ ಅನೇಕರಿದ್ದಾರೆ. ಪಾಳಿ ಬಿಟ್ಟ ಹೊತ್ತಿನಲ್ಲಿ ಇವರು ಮೋಟಾರ್ ಸೈಕಲ್ಲುಗಳ ಮೇಲೆ ಹೆದ್ದಾರಿಗಿಳಿಯುತ್ತಾರೆ. ಅದೇ ಹೆದ್ದಾರಿಯಲ್ಲಿ ಹೈದರಾಬಾದು, ಪುಣೆ, ವಿಜಯಪುರಗಳ ಭಾರಿ ವಾಹನಗಳೂ ಓಡುತ್ತವೆ. ಅಪಘಾತವೆಂಬುದು ನಮ್ಮವರಿಗೆ ಪತ್ರಿಕೆಯಲ್ಲಿ ಓದುವ ಸುದ್ದಿ ಮಾತ್ರವಲ್ಲ. ಆದುದರಿಂದಲೇ ವಾಹನ ವಿಮೆಯ ಹೆಸರಿನಲ್ಲಿ ನಡೆಯುವ ಮೋಸವನ್ನು ಕುರಿತು, ಅದರಲ್ಲಿಯೂ ಅಪಘಾತವನ್ನೇ ಹುಟ್ಟುಹಾಕುವ ಮೋಸವನ್ನು ಕುರಿತು, ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ವಿಮೆಯ ಸ್ವರೂಪವನ್ನು ತಿಳಿಯಬೇಕು. ವಾಹನದ ಪಾಲಿಸಿಯಲ್ಲಿ ಎರಡು ಭಾಗಗಳುಂಟು. ನಮ್ಮ ವಾಹನಕ್ಕೇ ಆದ ಹಾನಿಯನ್ನು ತುಂಬಿಕೊಡುವುದು ಒಂದು. ನಮ್ಮ ವಾಹನದಿಂದ ಇತರರಿಗೆ ಆದ ಸಾವುನೋವು, ನಷ್ಟಗಳನ್ನು ತುಂಬಿಕೊಡುವುದು ಇನ್ನೊಂದು. ಮೊದಲನೆಯದು ಐಚ್ಛಿಕ. ಎರಡನೆಯದನ್ನು ‘ಥರ್ಡ್ ಪಾರ್ಟಿ’ ವಿಮೆ ಎನ್ನುತ್ತಾರೆ, ಇದು ಕಡ್ಡಾಯ. ಬ್ರಿಟನ್ನಿನಲ್ಲಿ 1930ರ ಕಾಯಿದೆಯಿಂದ ಬಂದ ಈ ಕಡ್ಡಾಯವು ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆಯ ಮೂಲಕ 1946ರ ಜುಲೈ 1ರಿಂದ ಜಾರಿಗೆ ಬಂದಿತು. ಈಗಿರುವುದು 1988ರ ಕಾಯಿದೆ. ದಾರಿಹೋಕನೊಬ್ಬನಿಗೆ ಲಾರಿ ಬಡಿದು ಅವನು ಸತ್ತರೆ, ಲಾರಿಯ ಮಾಲೀಕನು ದಿವಾಳಿಯಾಗಿದ್ದರೂ ಸತ್ತವನ ಹೆಂಡತಿ ಮಕ್ಕಳಿಗೆ ಅನ್ನ ದೊರೆಯಬೇಕೆಂಬುದು ಈ ವ್ಯವಸ್ಥೆಯ ಉದ್ದೇಶ. 2022ರಲ್ಲಿ ನಿಗದಿಯಾದ ದರದಂತೆ ಸಾಮಾನ್ಯ ಮೋಟಾರ್ ಸೈಕಲ್ಲಿಗೆ ವರ್ಷಕ್ಕೆ 714 ರೂಪಾಯಿ ಕಟ್ಟಿದ ಮಾಲೀಕನ ಪರವಾಗಿ, ಸಾವಿನ ಪ್ರಕರಣದಲ್ಲಿ ಕಂಪನಿಯು ಮೂವತ್ತು ನಲವತ್ತು ಲಕ್ಷವನ್ನಾದರೂ ಕೊಡಬೇಕಾಗಬಹುದು. ಇಷ್ಟು ಉದಾರವಾದ ವ್ಯವಸ್ಥೆಯ ಸುತ್ತ ಮೋಸಗಾರರು ಮುತ್ತಿಕೊಳ್ಳುವುದು ಆಶ್ಚರ್ಯವೇನಲ್ಲ.

ವಾಹನದ ಹಾನಿಗೆ ಸಂಬಂಧಿಸಿದ ಮೋಸವನ್ನು ಮೊದಲು ಹೇಳಿಬಿಡುತ್ತೇನೆ. ಅದು ನನ್ನ ಕಣ್ಣಳತೆಯ ವಿಷಯ. ಹಳೆಯ ಏಟನ್ನು ಹೊಸದೆಂದು ತೋರಿಸುವುದು, ಕಡಿಮೆ ಬೆಲೆಗೆ ಕೊಂಡ ಹಳೆಯ ಕಾರಿಗೆ ಹೆಚ್ಚಿನ ಮೌಲ್ಯದ ಪಾಲಿಸಿ ಮಾಡಿಸಿ ಅದನ್ನು ತಗ್ಗಿಗೆ ಉರುಳಿಸುವುದು, ಎರಡು ವಾಹನಗಳನ್ನು ಬೇಕೆಂದೇ ಒಂದಕ್ಕೊಂದು ಬಡಿಸುವುದು ಇವೆಲ್ಲ ಈ ಜಾತಿಯವು. ಆದರೆ ತಗಡಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿನ್ನೆ ಕಿತ್ತುಹೋದ ಬಣ್ಣದ ಕೆಳಗಿನ ಲೋಹ ಹೊಳೆಯುತ್ತದೆ. ತಿಂಗಳ ಹಿಂದಿನದಾದರೆ ಅಲ್ಲಿ ತುಕ್ಕು ಕೂತಿರುತ್ತದೆ, ಮಡಿಕೆಯೊಳಗೆ ಧೂಳು ಸೇರಿರುತ್ತದೆ. ಎರಡು ಗಾಡಿಗಳು ಡಿಕ್ಕಿಯಾದರೆ ಇದರ ಬಣ್ಣ ಅದಕ್ಕೂ ಅದರ ಬಣ್ಣ ಇದಕ್ಕೂ ಹತ್ತುತ್ತದೆ, ಏಟುಗಳ ಎತ್ತರವೂ ಒಂದಕ್ಕೊಂದು ಹೊಂದಬೇಕು. ಓಡುತ್ತಿರುವ ಗಾಡಿಗೆ ಗಟ್ಟಿಯಾಗಿ ಬ್ರೇಕು ಹಾಕಿದಾಗ ಅದರ ಮೂತಿ ಕೆಳಗೆ ಬಾಗುತ್ತದೆ. ಆದುದರಿಂದ ಬ್ರೇಕು ಹಾಕುತ್ತ ಬಡಿದ ಗಾಡಿಯ ಏಟು, ನಿಲ್ಲಿಸಿ ದೂಡಿದ ಗಾಡಿಯ ಏಟಿಗಿಂತ ತುಸು ಕೆಳಗಿರುತ್ತದೆ. ತಲೆ ಬಡಿದು ಒಡೆದ ಮುಂಗಾಜು ಒಳಗಿನಿಂದ ಹೊರಕ್ಕೆ ಉಬ್ಬಿರುತ್ತದೆ. ಕಲ್ಲಿನಿಂದ ಒಡೆದದ್ದು ಒಳಕ್ಕೆ. ಕಬ್ಬಿನ ಟ್ರ್ಯಾಕ್ಟರಿಗೆ ಬಡಿಯಿತೆಂದು ಹೇಳಿದ ಕಾರೊಂದರ ಮೈಮೇಲೆ ನಾನು ಹುಡುಕಿದ್ದು ಕಬ್ಬಿನ ಸಿಪ್ಪೆಯನ್ನು, ಸಿಕ್ಕಿದ್ದು ಗೋಡೆಯ ಸುಣ್ಣ.

ಇದಕ್ಕಿಂತ ಹೆಚ್ಚು ಸಾಮಾನ್ಯವಾದುದು ಚಾಲಕನನ್ನು ಬದಲಿಸುವುದು. ಲೈಸೆನ್ಸಿಲ್ಲದ ಕ್ಲೀನರ್ ಓಡಿಸುತ್ತಿದ್ದ ಲಾರಿಗೆ, ಪೊಲೀಸರು ಬರುವಷ್ಟರಲ್ಲಿ, ಲೈಸೆನ್ಸುಳ್ಳ ಚಾಲಕನೊಬ್ಬ ‘ನಾನೇ ಓಡಿಸುತ್ತಿದ್ದೆ’ ಎಂದು ಮುಂದೆ ಬಂದು ನಿಲ್ಲುತ್ತಾನೆ. ಹೀಗೆ ಮಾಡದಿದ್ದರೆ ಗಾಯಗೊಂಡವರಿಗೆ ಪರಿಹಾರ ಸಿಗಲಾರದೆಂದು ಅವರಿಗೂ ನಂಬಿಸಲಾಗುತ್ತದೆ. ಇದು ನಿಜವಲ್ಲ. ಲೈಸೆನ್ಸಿಲ್ಲದ ಪ್ರಕರಣಗಳಲ್ಲಿ ಕಂಪನಿಯು ಮೊದಲು ನೊಂದವರಿಗೆ ಹಣ ಕೊಟ್ಟು, ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುತ್ತ ಬಂದಿವೆ. ಚಾಲಕನ ಬದಲಾವಣೆಯಿಂದ ಉಳಿಯುವುದು ಮಾಲೀಕನ ಜೇಬು.

ಹೊರದೇಶಗಳಲ್ಲಿ ಈ ದಂಧೆ ಅಕ್ಷರಶಃ ರಸ್ತೆಯ ಮೇಲೆಯೇ ನಡೆಯುತ್ತದೆ. ಮುಂದಿನ ಕಾರಿನವನು ಕಾರಣವಿಲ್ಲದೆ ಥಟ್ಟನೆ ಬ್ರೇಕು ಹಾಕುತ್ತಾನೆ, ಹಿಂದಿನ ಅಮಾಯಕನು ಬಂದು ಬಡಿಯುತ್ತಾನೆ, ಕಾರಿನಲ್ಲಿದ್ದ ನಾಲ್ವರೂ ಕುತ್ತಿಗೆ ಹಿಡಿದುಕೊಂಡು ಕೆಳಗಿಳಿಯುತ್ತಾರೆ. ಬ್ರಿಟನ್ನಿನಲ್ಲಿ ಇದು ಎಷ್ಟು ಹೆಚ್ಚಾಯಿತೆಂದರೆ ವಿಮಾ ಕಂಪನಿಗಳು ಕೂಡಿ 2006ರಲ್ಲಿ ವಿಮಾ ವಂಚನೆಯ ಪತ್ತೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದವು. ಅಮೆರಿಕೆಯ ನ್ಯೂ ಆರ್ಲಿಯನ್ಸ್ ನಗರದಲ್ಲಿ ದೊಡ್ಡ ಟ್ರಕ್ಕುಗಳಿಗೆ ದೊಡ್ಡ ಮೊತ್ತದ ವಿಮೆ ಇರುತ್ತದೆಂದು ಲೆಕ್ಕ ಹಾಕಿ, ಅವುಗಳಿಗೇ ಆರಿಸಿ ಆರಿಸಿ ಕಾರು ಬಡಿಸುವ ಜಾಲವೊಂದು ಬೆಳೆದಿತ್ತು. ಆ ಪ್ರಕರಣದಲ್ಲಿ ತನಿಖೆಗೆ ನೆರವಾಗುತ್ತಿದ್ದವನೊಬ್ಬನು 2020ರಲ್ಲಿ ಕೊಲೆಯಾದನು.

ನಮ್ಮಲ್ಲಿಯೂ ರಕ್ತ ಹರಿಸಿದ ಪ್ರಕರಣಗಳಿಲ್ಲದಿಲ್ಲ. 1984ರ ಜನವರಿಯಲ್ಲಿ ಕೇರಳದ ಸುಕುಮಾರ ಕುರುಪ್ ಎಂಬಾತನು ತಾನೇ ಸತ್ತಂತೆ ತೋರಿಸಿ ಜೀವವಿಮೆಯ ಹಣ ಪಡೆಯಲು, ದಾರಿಯಲ್ಲಿ ಕಾರು ಹತ್ತಿಸಿಕೊಂಡ ಅಪರಿಚಿತನನ್ನು ಕೊಲ್ಲಿಸಿ, ಹೆಣವನ್ನು ಕಾರಿನೊಳಗಿಟ್ಟು ಸುಡಿಸಿದ ಸಂಗತಿ ದೇಶಕ್ಕೆಲ್ಲ ಗೊತ್ತು. 2024ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಗಂಡಸಿ ಠಾಣೆಯ ವ್ಯಾಪ್ತಿಯಲ್ಲಿ, ತನ್ನನ್ನು ಹೋಲುವ ಭಿಕ್ಷುಕನೊಬ್ಬನನ್ನು ಲಾರಿಗೆ ಬಲಿಕೊಟ್ಟು ತಾನೇ ಸತ್ತಂತೆ ತೋರಿಸಿದನೆಂಬ ಆರೋಪ ವ್ಯಾಪಾರಿಯೊಬ್ಬನ ಮೇಲೆ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಹೊಸಪೇಟೆಯಲ್ಲಿ, ಕಾಯಿಲೆಯ ಬಡವನೊಬ್ಬನ ಹೆಸರಿನಲ್ಲಿ ಐದು ಕೋಟಿಗೂ ಮಿಕ್ಕಿದ ವಿಮೆ ಮಾಡಿಸಿ, ಅವನನ್ನು ಕೊಂದು ವಾಹನ ಅಪಘಾತವೆಂದು ತೋರಿಸಲಾಯಿತೆಂದು ಪೊಲೀಸರು ಹೇಳಿದರು; ಸತ್ತವನ ಹೆಂಡತಿಯ ಮಾತಿನಿಂದ ಆ ಸಂಚು ಹೊರಬಿದ್ದಿತು.

ಇಂಥವು ವಿರಳ. ನಮ್ಮ ಕಡೆ ಬಹುಪಾಲು ಅಪಘಾತಗಳನ್ನು ಹುಟ್ಟುಹಾಕುವುದು ಕಾಗದದ ಮೇಲೆ. ವಿಚಿತ್ರವೆಂದರೆ ಆ ಕಾಗದದ ಹಿಂದೆ ಅನೇಕ ವೇಳೆ ನಿಜವಾದ ಅಪಘಾತ, ನಿಜವಾದ ಹೆಣ, ನಿಜವಾದ ಕಣ್ಣೀರು ಇರುತ್ತವೆ. ಸುಳ್ಳಾಗಿರುವುದು ವಾಹನವೊಂದೇ.

ಇದನ್ನು ಲೆಕ್ಕದ ಮೂಲಕ ವಿವರಿಸುತ್ತೇನೆ. ಚಿಂಚೋಳಿಯ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 15,000 ರೂಪಾಯಿ ಗಳಿಸುವ ಮೂವತ್ತರ ಯುವಕನೊಬ್ಬನು ಲಾರಿ ಬಡಿದು ಸತ್ತನೆನ್ನೋಣ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ, ಕಾಯಂ ನೌಕರನಲ್ಲದ ಇವನ ಸಂಬಳಕ್ಕೆ ಮುಂದಿನ ಏರಿಕೆಯೆಂದು ಶೇಕಡಾ 40 ಸೇರಿಸಬೇಕು: 21,000. ಅವನ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗೊತ್ತುಪಡಿಸಿದ ಗುಣಕ 17. ಗುಣಿಸಿದರೆ 32,13,000 ರೂಪಾಯಿ; ಅಂತ್ಯಕ್ರಿಯೆ ಮೊದಲಾದ ಬಾಬುಗಳು ಬೇರೆ. ಇಷ್ಟು ಹಣ ಸಿಗುವುದು ಬಡಿದ ಲಾರಿ ಯಾವುದೆಂದು ಗೊತ್ತಿದ್ದು, ಅದರ ಚಾಲಕನ ತಪ್ಪು ಸಿದ್ಧವಾದರೆ. ಲಾರಿ ಕತ್ತಲಲ್ಲಿ ನಿಲ್ಲದೆ ಹೋಗಿಬಿಟ್ಟು ಅದರ ಗುರುತು ಹತ್ತದಿದ್ದರೆ? ಆಗ ಇರುವುದು ‘ಹಿಟ್ ಅಂಡ್ ರನ್’ ಯೋಜನೆ. ಅದರಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. 2022ರ ಏಪ್ರಿಲ್ 1ಕ್ಕೆ ಮೊದಲು ಈ ಮೊತ್ತಗಳು 25,000 ಮತ್ತು 12,500 ಇದ್ದವು.

ಮೂವತ್ತೆರಡು ಲಕ್ಷ ಒಂದು ಕಡೆ, ಎರಡು ಲಕ್ಷ ಇನ್ನೊಂದು ಕಡೆ. ಸತ್ತವನು ಒಬ್ಬನೇ, ಅನಾಥರಾದ ಮಕ್ಕಳು ಅವರೇ. ಲಾರಿಯ ನಂಬರನ್ನು ಯಾರಾದರೂ ಓದಿದರೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ. ಈ ಅಂತರವು ನ್ಯಾಯವಾದುದೆಂದು ನಾನು ವಾದಿಸಲಾರೆ. ದಲ್ಲಾಳಿಯು ಕಾಲಿಡುವುದು ಈ ಬಿರುಕಿನಲ್ಲಿಯೇ. ಹೆಣ ಇನ್ನೂ ಶವಾಗಾರದಲ್ಲಿರುವಾಗಲೇ ಆಸ್ಪತ್ರೆಯ ಆವರಣದಲ್ಲಿ ಆತ ಸತ್ತವನ ತಮ್ಮನ ಹೆಗಲ ಮೇಲೆ ಕೈ ಹಾಕುತ್ತಾನೆ. “ಚಿಂತಿ ಮಾಡಬ್ಯಾಡ್ರಿ ತಮ್ಮಾ, ಗಾಡಿ ನಂಬರ್ ನಾವ್ ಕೊಡ್ತೀವಿ. ನೀವು ಸಹಿ ಅಷ್ಟ ಮಾಡ್ರಿ, ಬಂದದ್ದರಾಗ ಅರ್ಧಾ ಅರ್ಧಾ.” ಆಮೇಲೆ ಎಲ್ಲ ಒಂದೊಂದಾಗಿ ಸಿದ್ಧವಾಗುತ್ತದೆ: ಚಾಲ್ತಿಯಲ್ಲಿ ವಿಮೆಯಿರುವ ಟೆಂಪೋ, ತಪ್ಪೊಪ್ಪಿಕೊಂಡು ದಂಡ ಕಟ್ಟಲು ತಯಾರಿರುವ ಚಾಲಕ, ಆ ವೇಳೆಗೆ ಅಲ್ಲಿಯೇ ಚಹಾ ಕುಡಿಯುತ್ತಿದ್ದೆನೆಂದು ಹೇಳುವ ಸಾಕ್ಷಿದಾರ.

ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ಪ್ರಕರಣದಲ್ಲಿ ಟೆಂಪೋವನ್ನು ಪರೀಕ್ಷಿಸಲು ನನ್ನನ್ನು ಕರೆದಿದ್ದರು. ಸತ್ತವನು ಎಂಐಡಿಸಿಯಿಂದ ಎರಡನೆಯ ಪಾಳಿ ಮುಗಿಸಿ ಹೊರಟಿದ್ದ ಕನ್ನಡದ ಹುಡುಗ. ಮೊದಲ ದಿನ ಪೊಲೀಸರಲ್ಲಿ ದಾಖಲಾದದ್ದು ‘ಅಜ್ಞಾತ ವಾಹನ’. ಹದಿನೆಂಟು ದಿನಗಳ ನಂತರ ಸಾಕ್ಷಿದಾರನೊಬ್ಬನು ಹುಟ್ಟಿಕೊಂಡು ಟೆಂಪೋದ ನಂಬರು ಹೇಳಿದ್ದ. ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲು ತಿರುಚಿ ಮುರಿಯುವಷ್ಟು ಬಲವಾಗಿ ಬಡಿದ ಟೆಂಪೋದ ಮುಂಭಾಗದಲ್ಲಿ ಒಂದು ಗೆರೆಯೂ ಇರಲಿಲ್ಲ. ಹೊಸ ಬಂಪರು ಹಾಕಿಸಿದ್ದೇವೆಂದರು. ಬಂಪರಿನ ಬೋಲ್ಟುಗಳು ವರ್ಷಗಟ್ಟಲೆ ಬಿಚ್ಚದೆ ತುಕ್ಕು ಹಿಡಿದಿದ್ದವು. ಕೊನೆಗೆ ಎಲ್ಲರ ಬಾಯಿ ಮುಚ್ಚಿಸಿದ್ದು ಫಾಸ್ಟ್ಯಾಗ್. ಅಪಘಾತವಾದ ಹೊತ್ತಿಗೆ ಆ ಟೆಂಪೋ ಬೇರೊಂದು ಜಿಲ್ಲೆಯ ಟೋಲ್ ನಾಕೆಯನ್ನು ದಾಟಿ ಹಣ ಕಟ್ಟಿತ್ತು.

ಅರ್ಜಿ ವಜಾ ಆಯಿತು. ಹುಡುಗನ ತಾಯಿಗೆ ಹಿಟ್ ಅಂಡ್ ರನ್ ಪರಿಹಾರವೂ ದೊರೆಯಲಿಲ್ಲ, ಏಕೆಂದರೆ ಪೊಲೀಸ್ ಕಾಗದಗಳ ಪ್ರಕಾರ ಬಡಿದ ವಾಹನ ‘ಗೊತ್ತಾಗಿತ್ತು’. ದಲ್ಲಾಳಿಯು ಖರ್ಚಿಗೆಂದು ಮೊದಲೇ ತೆಗೆದುಕೊಂಡಿದ್ದ ಹಣ ಮರಳಲಿಲ್ಲ. ನಿಜವಾಗಿ ಬಡಿದು ಹೋದ ಲಾರಿಯನ್ನು ಹುಡುಕುವ ಕೆಲಸವನ್ನು, ಟೆಂಪೋ ಸಿಕ್ಕ ದಿನವೇ, ಎಲ್ಲರೂ ಕೈಬಿಟ್ಟಿದ್ದರು. ಈ ಕೊನೆಯ ಮಾತನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಸುಳ್ಳು ವಾಹನವೊಂದನ್ನು ತಂದು ನಿಲ್ಲಿಸಿದಾಗ ನಮ್ಮವನನ್ನು ಕೊಂದ ಚಾಲಕನು ಶಾಶ್ವತವಾಗಿ ಬಿಡುಗಡೆಯಾಗುತ್ತಾನೆ.

ಈ ರೋಗ ಎಷ್ಟು ವಿಸ್ತಾರವಾಗಬಲ್ಲದೆಂಬುದನ್ನು ಉತ್ತರ ಪ್ರದೇಶ ತೋರಿಸಿಕೊಟ್ಟಿದೆ. ಅಲ್ಲಿ 2015ರಲ್ಲಿ ಅಲಹಾಬಾದ್ ಹೈಕೋರ್ಟಿನ ಆದೇಶದಂತೆ ವಿಶೇಷ ತನಿಖಾ ದಳವೊಂದು ರಚನೆಯಾಯಿತು. ವಿಷಯವು ಸಫೀಕ್ ಅಹಮದ್ ಪ್ರಕರಣದ ಮೂಲಕ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2021ರಲ್ಲಿ, ದಳದ ಬಳಿ 1,376 ಸಂಶಯಾಸ್ಪದ ಅರ್ಜಿಗಳಿದ್ದವು. ಅವುಗಳಲ್ಲಿ 246ರ ವಿಚಾರಣೆ ಮುಗಿಯುವಷ್ಟರಲ್ಲಿ 166 ಮಂದಿ ಮೇಲ್ನೋಟಕ್ಕೆ ತಪ್ಪಿತಸ್ಥರೆಂದು ಕಂಡುಬಂದಿದ್ದರು. ಅರ್ಜಿದಾರರು, ವಾಹನ ಮಾಲೀಕರು, ಚಾಲಕರು ಮಾತ್ರವಲ್ಲದೆ ವಕೀಲರು, ಪೊಲೀಸರು, ವೈದ್ಯರು, ವಿಮಾ ಕಂಪನಿಗಳ ನೌಕರರೂ ಅದರಲ್ಲಿದ್ದರು. 28 ಮಂದಿ ವಕೀಲರ ಹೆಸರುಗಳು ಬಂದುವು. ನಮ್ಮ ವೃತ್ತಿಯವರು ಇಂತಹ ಜಾಲಗಳಿಂದ ಹೊರಗೇ ಉಳಿದಿದ್ದಾರೆಂದು ಹೇಳುವ ಧೈರ್ಯ ನನಗಿಲ್ಲ.

ಇಷ್ಟೊಂದು ಸುಳ್ಳು ಹೇಗೆ ಸಲ್ಲುತ್ತದೆಂದು ಕೇಳಬಹುದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ಸಾಕ್ಷ್ಯ ಬೇಕಿಲ್ಲ. ಹೀಗಾಗಿರುವ ಸಂಭವವೇ ಹೆಚ್ಚೆಂದು ಕಂಡರೆ ಸಾಕು. ರಸ್ತೆಯಲ್ಲಿ ಸತ್ತವನ ವಿಧವೆ ಎಲ್ಲಿಂದ ಸಾಕ್ಷಿ ತಂದಾಳು ಎಂಬ ಕರುಣೆಯಿಂದ ಹುಟ್ಟಿದ ನಿಯಮವಿದು. ಆದರೆ ಒಂದು ಸುಳ್ಳು ಹೊರಬಿದ್ದರೆ ಮುಂದಿನ ಹತ್ತು ನಿಜವಾದ ಅರ್ಜಿಗಳನ್ನೂ ಕಂಪನಿಯ ವಕೀಲರು ಸಂಶಯದಿಂದ ನೋಡತೊಡಗುತ್ತಾರೆ. ದೂರು ಕೊಡುವುದು ಎರಡು ದಿನ ತಡವಾಯಿತೆಂಬ ಒಂದೇ ಕಾರಣಕ್ಕೆ, ನಿಜವಾಗಿಯೇ ಕಾಲು ಕಳೆದುಕೊಂಡ ಕೈಮಗ್ಗದ ಕಾರ್ಮಿಕನೊಬ್ಬನನ್ನು ಕಟಕಟೆಯಲ್ಲಿ ಮೂರು ಗಂಟೆ ಪ್ರಶ್ನಿಸಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಹಣ ಕೈಗೆ ಬಂದರೆ ಚಿಂತೆಯಿಲ್ಲವೆಂದೂ ತಿಳಿಯಬಾರದು. ಮೋಸದಿಂದ ಪಡೆದ ತೀರ್ಪನ್ನು ನ್ಯಾಯಮಂಡಳಿಯು ಹಿಂತೆಗೆದುಕೊಳ್ಳಬಹುದೆಂದು 2000ದಲ್ಲಿಯೇ ಸುಪ್ರೀಂ ಕೋರ್ಟು ರಾಜೇಂದ್ರ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಹಿ ಮಾಡಿದವರ ಮೇಲೆ ವಂಚನೆಯ ಮತ್ತು ಸುಳ್ಳು ಸಾಕ್ಷ್ಯದ ಮೊಕದ್ದಮೆಗಳೂ ಬರಬಹುದು. ದಲ್ಲಾಳಿಯ ಸಹಿ ಯಾವ ಕಾಗದದ ಮೇಲೂ ಇರುವುದಿಲ್ಲ.

ಹಾಗಾದರೆ ಲಾರಿಯ ಗುರುತು ಹತ್ತದ ಮನೆಯವರು ಏನು ಮಾಡಬೇಕು? ಇರುವ ದಾರಿಗಳು ಜನ ತಿಳಿದಿರುವುದಕ್ಕಿಂತ ಹೆಚ್ಚು.

ಕಾರ್ಖಾನೆಯ ಕೆಲಸಗಾರನು ರಾಜ್ಯ ವಿಮೆಗೆ, ಅಂದರೆ ಇಎಸ್‌ಐಗೆ, ಸೇರಿದವನಾಗಿದ್ದರೆ ಮೊದಲು ಆ ಬಾಗಿಲನ್ನು ತಟ್ಟಬೇಕು. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸದಿಂದ ಮನೆಗೆ ಮರಳುವಾಗ ಆದ ಅಪಘಾತವನ್ನೂ, ವೇಳೆ, ಸ್ಥಳ, ಸಂದರ್ಭಗಳಿಗೆ ಕೆಲಸದೊಡನೆ ಸಂಬಂಧವಿದ್ದರೆ, ಕೆಲಸದ ವೇಳೆಯ ಅಪಘಾತವೆಂದೇ ಎಣಿಸಬೇಕೆಂಬ ನಿಯಮ 2010ರಲ್ಲಿ ಸೇರಿತು. ಬಡಿದ ಲಾರಿ ಯಾವುದೆಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಸತ್ತವನ ಅವಲಂಬಿತರಿಗೆ ಅವನ ಸರಾಸರಿ ವೇತನದ ಶೇಕಡಾ 90ರಷ್ಟು ತಿಂಗಳು ತಿಂಗಳು ಬರುತ್ತದೆ. ಪಾಳಿಯ ಹಾಜರಿ ಪುಸ್ತಕದ ಪ್ರತಿ ಇದಕ್ಕೆ ಮುಖ್ಯ ಆಧಾರ. ಚಿಂಚೋಳಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ತಮ್ಮ ಹೆಸರಿನಲ್ಲಿ ಇಎಸ್‌ಐ ಕಟ್ಟುತ್ತಿದ್ದಾರೆಯೇ ಎಂಬುದನ್ನು ಈಗಲೇ, ಮೈ ಗಟ್ಟಿಯಿರುವಾಗಲೇ, ವಿಚಾರಿಸಿಕೊಳ್ಳುವುದೊಳ್ಳೆಯದು. ಸತ್ತವನು ತನ್ನ ಹೆಸರಿನ ಗಾಡಿಯನ್ನೇ ಓಡಿಸುತ್ತಿದ್ದರೆ ಅವನ ಪಾಲಿಸಿಯನ್ನು ತೆಗೆದು ನೋಡಬೇಕು. ಮಾಲೀಕ ಚಾಲಕನಿಗೆ 15 ಲಕ್ಷದ ಸ್ವಂತ ಅಪಘಾತ ವಿಮೆ ಅದರಲ್ಲಿ ಸೇರಿರಬಹುದು. ಮನೆಯವರು ಪಾಲಿಸಿಯನ್ನು ಬಿಡಿಸಿಯೇ ನೋಡದೆ ಈ ಹಣ ಉಳಿದುಹೋದ ಉದಾಹರಣೆಗಳನ್ನು ನಾನು ಬಲ್ಲೆ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಪ್ರಧಾನಮಂತ್ರಿ ಸುರಕ್ಷಾ ವಿಮೆಯ 2 ಲಕ್ಷವೂ ಉಂಟು.

ಹಿಟ್ ಅಂಡ್ ರನ್ ಪರಿಹಾರಕ್ಕೆ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಅಪಘಾತ ನಡೆದ ಸ್ಥಳದ ಕಂದಾಯ ಅಧಿಕಾರಿಯ ಬಳಿ ಅರ್ಜಿ ಹಾಕಬೇಕು. ವಾಹನದ ಪತ್ತೆಯಾಗದ ಪ್ರಕರಣಗಳಲ್ಲಿ ಪೊಲೀಸರೇ ಮನೆಯವರಿಗೆ ಈ ಯೋಜನೆಯನ್ನು ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಆದೇಶಿಸಿದೆ. ಈ ಹಣ ಪಡೆದ ಮೇಲೆ ನಿಜವಾದ ಲಾರಿ ಸಿಕ್ಕರೆ, ನ್ಯಾಯಮಂಡಳಿಗೆ ಹೋಗುವ ಹಕ್ಕು ಕಳೆದುಹೋಗುವುದಿಲ್ಲ. ಪೂರ್ಣ ಪರಿಹಾರ ಬಂದಾಗ ಮೊದಲಿನದನ್ನು ಹಿಂದಿರುಗಿಸಿದರಾಯಿತು. ‘ಅಜ್ಞಾತ ವಾಹನ’ ಎಂದು ನಿಜವನ್ನು ಬರೆಸಿದವರು ಎರಡೂ ಬಾಗಿಲುಗಳನ್ನು ತೆರೆದಿಟ್ಟುಕೊಂಡಂತೆ. ಆ ಲಾರಿಯನ್ನು ಹುಡುಕಲು ಮೊದಲ ವಾರವೇ ಅಮೂಲ್ಯವಾದುದು. ಹೆದ್ದಾರಿಯ ಪೆಟ್ರೋಲ್ ಪಂಪು, ಢಾಬಾ, ಕಾರ್ಖಾನೆಯ ಗೇಟುಗಳಲ್ಲಿರುವ ಕ್ಯಾಮರಾಗಳಲ್ಲಿ ಹಳೆಯ ಚಿತ್ರ ಬಹು ದಿನ ಉಳಿಯುವುದಿಲ್ಲ. ಅವುಗಳನ್ನು ವಶಪಡಿಸಿಕೊಳ್ಳುವಂತೆ ಪೊಲೀಸರಿಗೆ ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಬೇಕು. ಸ್ಥಳದಲ್ಲಿ ಬಿದ್ದ ದೀಪದ ಚೂರು, ಬಣ್ಣದ ಹೆಕ್ಕಳಿಕೆ ಪಂಚನಾಮೆಯಲ್ಲಿ ಸೇರಬೇಕು. ದೀಪದ ಗಾಜಿನ ಒಂದು ತುಂಡಿನಿಂದ ಲಾರಿಯ ತಯಾರಕರು ಯಾರೆಂದು ಹೇಳಬಹುದು. ಎಷ್ಟೋ ಸಲ ತಯಾರಾದ ಕಾಲವನ್ನೂ ಅಂದಾಜು ಮಾಡಬಹುದು.

ಆಸ್ಪತ್ರೆಯ ಮೊದಲ ಚೀಟಿಯ ವಿಷಯದಲ್ಲಿ ಎಚ್ಚರ ಬೇಕು. ಗಾಬರಿಯಲ್ಲಿ, ಅಥವಾ ಪೊಲೀಸ್ ತಂಟೆ ಬೇಡವೆಂದು, ‘ಗಾಡಿ ಜಾರಿ ಬಿದ್ದ’ ಎಂದು ಬರೆಸಿದ ಮಾತು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ನಮ್ಮ ಗಡಿ ಭಾಗದ ಇನ್ನೊಂದು ತೊಡಕು ಭಾಷೆಯದು. ಫಿರ್ಯಾದು, ಜಬಾಬು, ಪಂಚನಾಮೆಗಳೆಲ್ಲ ಮರಾಠಿಯಲ್ಲಿರುತ್ತವೆ. ನಮ್ಮ ಶಾಲೆಯಲ್ಲಿ ಮರಾಠಿಯನ್ನೂ ಕಲಿತು ಹೊರಬಂದ ನಾವು ಓದಿಕೊಳ್ಳಬಲ್ಲೆವು. ಇಂಡಿ, ಆಳಂದದಿಂದ ಬಂದ ಮುದುಕ ತಂದೆಯು ಹೆಬ್ಬೆಟ್ಟು ಒತ್ತುವ ಮೊದಲು ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವವರು ಬೇಕು. ಫಿರ್ಯಾದಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬುದು ಕಾನೂನು. ಹಳೆಯ ವಿದ್ಯಾರ್ಥಿಗಳ ಸಂಘದವರು ಸೊಲ್ಲಾಪುರದಲ್ಲಿ ಇಬ್ಬರು ಮೂವರನ್ನು ಈ ಕೆಲಸಕ್ಕೆ ಗೊತ್ತುಮಾಡಿ, ಅವರ ದೂರವಾಣಿ ಸಂಖ್ಯೆಗಳನ್ನು ಎಂಐಡಿಸಿಯಲ್ಲಿರುವ ನಮ್ಮ ಹುಡುಗರಿಗೆ ಕೊಟ್ಟರೆ ದೊಡ್ಡ ಉಪಕಾರವಾದೀತು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಲಿ.

ವಾಹನ ಗೊತ್ತಿರುವ ಪ್ರಕರಣಗಳಲ್ಲಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ, ತಡಮಾಡಬಾರದು. ವಕೀಲರು ‘ಬಂದ ಹಣದಲ್ಲಿ ಪಾಲು’ ಎಂಬ ಕರಾರಿನ ಮೇಲೆ ಕೆಲಸ ಮಾಡುವುದು ಅವರ ವೃತ್ತಿ ನಿಯಮಗಳಿಗೆ ವಿರುದ್ಧ. ವಕೀಲರನ್ನಿಡಲು ಶಕ್ತಿಯಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ. ಹೆಂಗಸರಿಗೆ ಇದಕ್ಕೆ ಆದಾಯದ ಮಿತಿಯೂ ಇಲ್ಲ. ಅರ್ಜಿಯನ್ನು ಸೊಲ್ಲಾಪುರದಲ್ಲಿಯೇ ಹಾಕಬೇಕೆಂದಿಲ್ಲ. ಅಪಘಾತ ನಡೆದ ಊರಿನ ನ್ಯಾಯಮಂಡಳಿಯಂತೆ ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಗೂ ಅಧಿಕಾರವುಂಟು. ಚಿಂಚೋಳಿಯ ಬಳಿ ಸತ್ತವನ ಹೆಂಡತಿಯು ಇಂಡಿಯವಳಾಗಿದ್ದರೆ ವಿಜಯಪುರ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು, ಕನ್ನಡದಲ್ಲಿಯೇ ತನ್ನ ಮಾತು ಹೇಳಬಹುದು. ಆದರೆ ಅಲ್ಲೊಂದು ಇಲ್ಲೊಂದು ಎಂದು ಎರಡು ಅರ್ಜಿ ಹಾಕಿಸುವ ದಲ್ಲಾಳಿಗಳಿದ್ದಾರೆ. ಒಂದೇ ಅಪಘಾತಕ್ಕೆ ಬೇರೆ ಬೇರೆ ರಾಜ್ಯಗಳಲ್ಲಿ ಅರ್ಜಿಗಳು ಬಂದರೆ ಮೊದಲು ಸಲ್ಲಿಸಿದ ಕಡೆಯಲ್ಲಿಯೇ ವಿಚಾರಣೆ ನಡೆಯಬೇಕು, ಉಳಿದವು ಅಲ್ಲಿಗೆ ವರ್ಗವಾಗಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ನಿರ್ದೇಶಿಸಿದೆ. ಆದುದರಿಂದ ಮೊದಲ ಅರ್ಜಿಯನ್ನು ಎಲ್ಲಿ ಹಾಕಬೇಕೆಂಬುದನ್ನು ಮನೆಯವರೇ ಕುಳಿತು ನಿರ್ಧರಿಸಬೇಕು.